ಎಡಗೈಯಲ್ಲಿ ಬರೆದ ಕೋಳಿಗೂಡು

ಪರವಾನಗಿ ವಿಭಾಗದ ಅಧಿಕಾರಿಗಳಿಗೆ ನಮಸ್ಕಾರ.

ನಮ್ಮ ಹಿತ್ತಲಿನ ಕೋಳಿಗೂಡಿನ ಅರ್ಜಿಯನ್ನು ನೀವು ಎರಡನೇ ಸಲ ವಾಪಸು ಕಳಿಸಿದ್ದೀರಿ. ನಕ್ಷೆಯ ಗೆರೆಗಳು ಸೊಟ್ಟಗಿವೆ, ಎಂಜಿನಿಯರರಿಂದ ಬರೆಸಿ ಎಂದಿದ್ದೀರಿ. ಅದನ್ನು ಬರೆದವರು ನನ್ನ ಯಜಮಾನರು, ಮೂವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಇದು ಎಡಗೈಯಲ್ಲಿ ಬರೆದದ್ದು.

ಪಕ್ಕದ ಮನೆಯ ಮೇಷ್ಟ್ರ ಒಪ್ಪಿಗೆ ಪತ್ರ ಇದರೊಂದಿಗಿದೆ. "ಹುಂಜ ಮಾತ್ರ ಬೇಡ ಕಣಮ್ಮಾ, ನಂಗೆ ನಿದ್ದೆ ಬರೋದೇ ಬೆಳಗಿನ ಜಾವ" ಎಂದು ನಗುತ್ತಲೇ ಸಹಿ ಹಾಕಿದರು.

ಎಂಟು ತಿಂಗಳು ಗೋಡೆ ಕಡೆ ಮುಖ ಮಾಡಿ ಮಲಗಿದ್ದ ಯಜಮಾನರು, ಅರ್ಜಿ ಕೊಟ್ಟಾಗಿನಿಂದ ಒಂದು ಕಡೆ ಕೂರುವುದಿಲ್ಲ. ಬೀದಿಯಲ್ಲಿ ಗಾಡಿ ನಿಂತರೆ ಸಾಕು, ಕೋಲೂರಿಕೊಂಡು ಗೇಟಿನವರೆಗೆ ಹೋಗಿ, "ಆಫೀಸಿನೋರು ಬಂದ್ರೇನೇ?" ಎನ್ನುತ್ತಾರೆ. ಅರ್ಜಿ ವಾಪಸು ಬಂದದ್ದನ್ನು ನಾನು ಅವರಿಗೆ ಹೇಳಿಲ್ಲ. "ಇವತ್ತೋ ನಾಳೆಯೋ ಬರ್ತಾರೆ, ಒಳಗೆ ಬನ್ನಿ" ಎನ್ನುತ್ತೇನೆ. ಹಾಗೆ ಹೇಳಿ ಹೇಳಿ ಈಗ ಗಾಡಿಯ ಸದ್ದಾದರೆ ನಾನೂ ಕೈಯಲ್ಲಿನ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತೇನೆ.

ಯಜಮಾನರಿಗೆ ಗೊತ್ತಾಗದಂತೆ ಎಂಜಿನಿಯರರಿಂದ ನಕ್ಷೆ ಬರೆಸಿ ಲಗತ್ತಿಸಿದ್ದೇನೆ. ಅದು ನಿಮ್ಮ ಕಡತದಲ್ಲೇ ಇರಲಿ, ಮನೆಗೆ ತರಬೇಡಿ.

ಸ್ಥಳ ನೋಡಲು ಬಂದಾಗ ಇನ್ನೊಂದು ಉಪಕಾರ ಮಾಡಿ. ಅಳತೆ ಟೇಪಿನ ಒಂದು ತುದಿಯನ್ನು ಅವರ ಕೈಗೇ ಕೊಡಿ. ಬಗ್ಗಿ ಹಿಡಿಯುವುದಕ್ಕೆ ಸ್ವಲ್ಪ ಹೊತ್ತಾಗುತ್ತದೆ. ಸಹಾಯಕ್ಕೆ ಹೋಗದೆ ಇನ್ನೊಂದು ತುದಿ ಹಿಡಿದುಕೊಂಡು ನಿಂತಿರಿ, ಅಷ್ಟು ಸಾಕು.

ನಿಮ್ಮ ದಾರಿ ಕಾಯುತ್ತಿರುವ,
ಅರ್ಜಿದಾರರ ಹೆಂಡತಿ