ಛತ್ರದ ಎಡಕ್ಕೆ ಒಂದು ಹೊಂಗೆ ಮರ

ಶ್ರೀನಿವಾಸಪುರ
17-6-1984, ಭಾನುವಾರ

ಪ್ರೀತಿಯ ಶಾಮಲ,

ಮಧ್ಯಾಹ್ನ ಮೂರು ಗಂಟೆ. ಕರೆಂಟಿಲ್ಲ. ಕಿಟಕಿಯ ಪಕ್ಕಕ್ಕೆ ಮೇಜು ಎಳೆದುಕೊಂಡು ಬರೆಯುತ್ತಿದ್ದೇನೆ. ಮಾಲೂರಿನಿಂದ ನೀನು ಬರೆದ ಕಾಗದ ಬಂದು ಹತ್ತು ದಿನವಾಯಿತು. ದಸರಾ ರಜೆಗೆ ಮಗಳನ್ನು ಕಳಿಸುತ್ತೇನೆ, ನನ್ನ ಮದುವೆಗೆ ಮುಂಚೆ ನಾವಿಬ್ಬರೂ ಭಾನುವಾರ ಬಸ್ಸು ಹತ್ತಿ ಹೋಗಿ ಚಿತ್ರ ಬರೆಯುತ್ತಿದ್ದ ಹಾಗೆ ಅವಳನ್ನೂ ಬಯಲಿಗೆ ಕರೆದುಕೊಂಡು ಹೋಗು ಎಂದು ಕೇಳಿದ್ದೀಯ. ಅವಳು ಬರಲಿ, ಗಣಿತ ಹೇಳಿಕೊಡುತ್ತೇನೆ. ಚಿತ್ರ ಹೇಳಿಕೊಡುವುದಿಲ್ಲ. ಕಾರಣ ಹೇಳಬೇಕು, ಅದಕ್ಕೇ ಇಷ್ಟು ತಡ.

ನಿನಗೆ ಆ ದಿನಗಳು ಚೆನ್ನಾಗಿ ನೆನಪಿವೆಯಂತೆ. ನನಗೆ ನೆನಪಿರುವುದು ಬಣ್ಣದ ತಟ್ಟೆಯ ಮೇಲೆ ಕೂರುವ ನೊಣ, ನೀರಿನ ಲೋಟದ ಪಕ್ಕಕ್ಕೇ ಎಲೆಅಡಿಕೆ ಉಗಿಯುವವರು, ಬಣ್ಣ ಒಣಗಿದೆಯೇ ಎಂದು ಬೆರಳಿಟ್ಟು ನೋಡುವವರು. 'ಏಮಮ್ಮಾ, ಸರ್ವೇನಾ?' ಎಂದು ಒಬ್ಬ ಕೇಳಿದರೆ, ಇನ್ನೊಬ್ಬ, 'ಫೋಟೋದವನನ್ನ ಕರೆಸಿದ್ರೆ ಎರಡು ನಿಮಿಷದ ಕೆಲಸ ಅಲ್ವಾ ಟೀಚರಮ್ಮ' ಎನ್ನುತ್ತಿದ್ದ. ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಚಿತ್ರಕಾರರು ದಿಬ್ಬದ ಮೇಲೆ ಒಬ್ಬರೇ ಕೂತಿರುತ್ತಾರೆ. ಅವರ ಬೆನ್ನಿಗೆ ಆತುಕೊಂಡು ಯಾರೂ ಕೆಮ್ಮುವುದಿಲ್ಲ.

ಮುಳಬಾಗಿಲು ದಾಟಿ ನಾಲ್ಕು ಮೈಲಿ ಆಚೆಗಿನ ಹಳೇ ಛತ್ರದ ಚಿತ್ರ ನಿನಗೆ ಗೊತ್ತು, ಕೋಲಾರದ ಪ್ರದರ್ಶನದಲ್ಲಿ ನೋಡಿದ್ದೀಯ. ಅದನ್ನು ಬರೆದ ದಿನ ಮಾತ್ರ ನೀನಿರಲಿಲ್ಲ, ನಿನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅದಕ್ಕೆ ಮೊದಲ ಬಹುಮಾನ ಬಂತು. ಪ್ರಶಸ್ತಿ ಪತ್ರದಲ್ಲಿ 'ಕಂಡದ್ದನ್ನು ಕಂಡಂತೆ ಚಿತ್ರಿಸಿದ್ದಕ್ಕಾಗಿ' ಎಂದು ಬರೆದಿದ್ದರು. ನಮ್ಮ ಹೆಡ್‌ಮಿಸ್ಟ್ರೆಸ್ ಅದನ್ನು ಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದರು. ಈಗಲೂ ಅಲ್ಲೇ ಇದೆ. ಚಿತ್ರವನ್ನು ಮಾತ್ರ ಆ ಊರಿನ ಚನ್ನರಾಯಪ್ಪನವರು ಬಂದು ಕೇಳಿದರು. ಛತ್ರ ಕಟ್ಟಿಸಿದ್ದು ಅವರ ತಾತ. ದೊಡ್ಡ ಮನೆಯ ಪಡಸಾಲೆಯಲ್ಲಿ ನನ್ನ ಚಿತ್ರವಿರುತ್ತದೆಂದು ಹಿಗ್ಗಿ ಕೊಟ್ಟುಬಿಟ್ಟೆ.

ಮೊನ್ನೆ ಗುರುವಾರ ಅವರೇ ಜೀಪು ಕಳಿಸಿದರು. ಛತ್ರದ ಜಗಲಿಯಲ್ಲಿ ಒಂದು ವಿಚಾರಣೆ, ನಾನು ಬರಲೇಬೇಕಂತೆ. ಹೋದರೆ ಕಂದಾಯ ಇಲಾಖೆಯ ಅಧಿಕಾರಿಯೊಬ್ಬರು ಕುರ್ಚಿಯಲ್ಲಿ ಕೂತಿದ್ದಾರೆ, ಅವರ ಮುಂದಿನ ಮೇಜಿನ ಮೇಲೆ ನನ್ನ ಚಿತ್ರ.

ವಿಷಯ ಇಷ್ಟು. ಛತ್ರದ ಎಡಗೋಡೆಗೆ ಒತ್ತಿಕೊಂಡು ಮುನಿಗಂಗಮ್ಮ ಎಂಬವಳ ಗುಡಿಸಲಿದೆ. ಗಂಡನಿಲ್ಲ, ಕೂಲಿ ಮಾಡುತ್ತಾಳೆ, ಒಬ್ಬ ಮಗಳು. ಆ ಜಾಗಕ್ಕೆ ಹಕ್ಕುಪತ್ರ ಕೊಡಿ ಎಂದು ಅವಳು ಅರ್ಜಿ ಹಾಕಿಕೊಂಡಿದ್ದಾಳೆ. ಸಿಗುವುದು ಬಿಡುವುದು ಅವಳು ಎಷ್ಟು ವರ್ಷದಿಂದ ಅಲ್ಲಿದ್ದಾಳೆ ಎಂಬುದರ ಮೇಲೆ ನಿಂತಿದೆ. ಹನ್ನೆರಡು ವರ್ಷ ಎನ್ನುತ್ತಾಳೆ ಅವಳು. ನಾಲ್ಕು ವರ್ಷವೂ ಆಗಿಲ್ಲ ಎನ್ನುತ್ತಾರೆ ಚನ್ನರಾಯಪ್ಪ. ಅವಳ ಹತ್ತಿರ ಒಂದು ಚೂರು ಕಾಗದವಿಲ್ಲ. ಅವರ ಹತ್ತಿರ ನನ್ನ ಚಿತ್ರವಿದೆ. ಅದರಲ್ಲಿ ಗುಡಿಸಲಿಲ್ಲ.

ಬರೆದ ದಿನ ಗುಡಿಸಲಿತ್ತು, ಶಾಮಲ. ನನ್ನ ಕಣ್ಣೆದುರಿಗೇ ಇತ್ತು. ಚಿತ್ರದ ತೂಕ ಎಡಕ್ಕೆ ಕೆಡುತ್ತದೆ ಎಂದು ಬಿಟ್ಟೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೆಂದರೆ ನೋಡುವುದಕ್ಕೆ ಅಸಹ್ಯವಾಯಿತು. ಹರಿದ ಗೋಣಿಯ ಬಾಗಿಲು, ಮಸಿ ಹಿಡಿದ ಗಡಿಗೆ, ಗೋಡೆಗೆ ತಟ್ಟಿದ ಬೆರಣಿ, ಮೂಲೆಯಲ್ಲಿ ಕೊಳೆಯುತ್ತಿದ್ದ ರೇಷ್ಮೆಹುಳದ ಕಸ. ಆ ವಾಸನೆಗೆ ಸೆರಗು ಮೂಗಿಗಿಟ್ಟುಕೊಂಡೇ ಬರೆದೆ. ಛತ್ರದ ಹಿಂದೆ ಒಂದು ಹೊಂಗೆ ಮರವಿತ್ತು. ಅದನ್ನು ಪೆನ್ಸಿಲಿನಲ್ಲಿ ಮುಂದಕ್ಕೆ ತಂದು ಗುಡಿಸಲಿದ್ದ ಕಡೆ ನಿಲ್ಲಿಸಿದೆ. ಎಲೆ ಎಲೆಯಾಗಿ ಬಿಡಿಸಿದೆ. ತೀರ್ಪುಗಾರರು ಆ ಮರವನ್ನೇ ಹೆಚ್ಚು ಹೊಗಳಿದ್ದು.

ಅಧಿಕಾರಿ ಚೌಕಟ್ಟು ತಿರುಗಿಸಿ ತೋರಿಸಿದರು. ಹಿಂದೆ ನನ್ನದೇ ಅಕ್ಷರ: 'ಸ್ಥಳದಲ್ಲೇ ಕೂತು ಬರೆದದ್ದು. 15-2-1976, ಭಾನುವಾರ, ಬೆಳಿಗ್ಗೆ 8.30ರಿಂದ 11.45.' ಎಲ್ಲವನ್ನೂ ಹೀಗೆ ಬರೆದಿಡುವ ನನ್ನ ಚಾಳಿ ನಿನಗೆ ಗೊತ್ತಲ್ಲ. ಅವರು ಮೂರು ಪ್ರಶ್ನೆ ಕೇಳಿದರು. ಅಕ್ಷರ ನಿಮ್ಮದೇ? ತಾರೀಖು ಸರಿಯೇ? ಇಲ್ಲೇ ಕೂತು ಬರೆದಿರಾ? ಮೂರಕ್ಕೂ ಹೌದೆಂದೆ. ಒಂದೂ ಸುಳ್ಳಲ್ಲ. ನಾಲ್ಕನೆಯ ಪ್ರಶ್ನೆ ಬರಲಿಲ್ಲ, ನಾನಾಗಿ ಹೇಳಲೂ ಇಲ್ಲ. ಗುಮಾಸ್ತ ಬರೆದುಕೊಂಡ, ಸಹಿ ಹಾಕಿದೆ.

ಆಮೇಲೆ ನಡೆದದ್ದನ್ನು ಕೇಳು. ಚನ್ನರಾಯಪ್ಪನವರು ಚಿತ್ರದಲ್ಲಿನ ಮರದ ಮೇಲೆ ಬೆರಳಿಟ್ಟು, 'ನೋಡಿ ಸ್ವಾಮಿ, ನಮ್ಮ ತಾತ ನೆಟ್ಟ ಮರ. ಇದನ್ನೂ ಕಡಿದು ಒಲೆಗೆ ಹಾಕಿಬಿಟ್ಟವಳೆ' ಎಂದರು. ಅವರಿಗೆ ಗೊತ್ತಿಲ್ಲವೇ? ಆ ಊರಲ್ಲಿ ಹುಟ್ಟಿ ಬೆಳೆದವರು. ಹೊಂಗೆ ಮರ ಅವರ ಬೆನ್ನ ಹಿಂದೆಯೇ, ಛತ್ರದ ಆಚೆ ಎಲೆ ಅಲ್ಲಾಡಿಸುತ್ತ ನಿಂತಿತ್ತು. ಪೆದ್ದಪ್ಪ ಎಂಬ ಮುದುಕ, ಹಗಲೆಲ್ಲ ಆ ಜಗಲಿಯ ಮೇಲೇ ಬಿದ್ದಿರುವವನು, ಎದ್ದು ಕೂತು, 'ಹೌದು ಸ್ವಾಮಿ, ಆ ಮರಕ್ಕೇ ನಾನು ಎತ್ತು ಕಟ್ತಿದ್ದೆ. ಒಳ್ಳೇ ನೆರಳು' ಎಂದ. ಇನ್ನೊಬ್ಬ ಅದರ ಕಾಯಿ ಆರಿಸಿ ಎಣ್ಣೆ ಮಾಡಿಸಿದ್ದನಂತೆ. ಮತ್ತೊಬ್ಬ ಕೊಂಬೆ ಮುರಿದು ಬಿದ್ದು ಕಾಲು ಉಳುಕಿಸಿಕೊಂಡಿದ್ದನಂತೆ. 'ನೀನ್ಯಾವಾಗ್ಲಾ ಮರ ಹತ್ತಿದ್ದು, ನಿಂಗೆ ಏಣಿ ಹತ್ತಕ್ಕೇ ಭಯ' ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಚನ್ನರಾಯಪ್ಪನವರೂ ನಕ್ಕರು. ಮರವಿಲ್ಲದ ಜಾಗದಲ್ಲಿ ನಾನು ಬರೆದ ಮರಕ್ಕೆ ಹತ್ತು ನಿಮಿಷದಲ್ಲಿ ಎತ್ತು ಬಂತು, ಎಣ್ಣೆ ಬಂತು, ಉಳುಕಿದ ಕಾಲು ಬಂತು. ಗುಮಾಸ್ತ ಒಂದೊಂದನ್ನೂ ಬರೆದುಕೊಂಡ. ಅವರ ಮೇಲೆ ಬಂದ ಹೇಸಿಗೆ ನನ್ನ ಮೇಲೂ ಬರಬೇಕಿತ್ತು. ವಾಪಸ್ಸು ಬರಲು ಬಸ್ಸಿನಲ್ಲಿ ಕೂತ ಮೇಲೆ ಬಂತು.

ಮುನಿಗಂಗಮ್ಮ ಕಂಬದ ಹತ್ತಿರ ನಿಂತಿದ್ದಳು. ಅವಳು ಮಾತಾಡಿದ್ದು ಕಡಿಮೆ. 'ಈ ಪೆದ್ದಪ್ಪನ ಎತ್ತು ನನ್ನ ಗುಡಿಸಲ ಗರಿ ತಿಂದಿತ್ತು, ನಾನು ಜಗಳ ಆಡಿದ್ದೆ. ಅದು ಮರ್ತೋಯ್ತು, ಮರ ಜ್ಞಾಪಕ ಬಂತು' ಎಂದಳು ಅಷ್ಟೆ. ಆಮೇಲೆ ಚಿತ್ರ ನೋಡಬಹುದೇ ಎಂದು ಕೇಳಿದಳು. ಕೊಟ್ಟರು. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ವಾಪಸ್ಸು ಕೊಟ್ಟಳು. ನನ್ನ ಕಡೆ ನೋಡಲಿಲ್ಲ.

ಬುಧವಾರ, ಇಪ್ಪತ್ತನೇ ತಾರೀಖಿಗೆ ಮತ್ತೆ ವಿಚಾರಣೆ. ಅಷ್ಟರಲ್ಲಿ ಅವಳು ಸಾಕ್ಷಿ ತರದಿದ್ದರೆ ಗುಡಿಸಲು ಕೀಳಿಸುತ್ತಾರೆ. ಮಳೆಗಾಲದಲ್ಲಿ ಮಗಳನ್ನು ಕರೆದುಕೊಂಡು ಎಲ್ಲಿಗೆ ಹೋಗುತ್ತಾಳೋ ಯಾರೂ ಕೇಳಲಿಲ್ಲ.

ಮೂರು ದಿನದಿಂದ ನೆಪ ಹುಡುಕುತ್ತಿದ್ದೇನೆ. ಹೇಳಿಕೆಗೆ ಸಹಿ ಹಾಕಿದವಳು ಈಗ ತಿರುಗಿ ಹೇಳಿದರೆ ಯಾರು ನಂಬುತ್ತಾರೆ? ಹೆಡ್‌ಮಿಸ್ಟ್ರೆಸ್ ಕೋಣೆಯ ಆ ಪ್ರಶಸ್ತಿ ಪತ್ರದ ಗತಿ ಏನು? ಮಕ್ಕಳಿಗೆ ಒಂದು ಸೊನ್ನೆ ತಪ್ಪಿದರೂ ಅಂಕ ಕಳೆಯುವವಳು ನಾನು. ಇವೆಲ್ಲ ನಾಚಿಕೆಯ ಲೆಕ್ಕ, ಗೊತ್ತು. ನಿನಗಲ್ಲದೆ ಬೇರೆಯವರಿಗೆ ಬರೆಯಲಾರೆ.

ಬುಧವಾರ ಮೊದಲ ಬಸ್ಸಿಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಅಧಿಕಾರಿ ಕೇಳಲಿ ಬಿಡಲಿ, ಎಂಟು ವರ್ಷದ ಹಿಂದೆಯೇ ಅಲ್ಲಿ ಗುಡಿಸಲಿತ್ತು, ಮರವಿರಲಿಲ್ಲ ಎಂದು ಹೇಳಿ, ಬರೆಸಿ, ಸಹಿ ಹಾಕಿ ಬರುತ್ತೇನೆ. ಹೊಂಗೆ ಮರ ಇರುವ ಕಡೆಗೇ ಅವರನ್ನು ನಡೆಸಿಕೊಂಡು ಹೋಗುತ್ತೇನೆ. ರಜೆ ಚೀಟಿ ಬರೆದಾಗಿದೆ. ನಾಳೆ ಕೊಡಬೇಕು.

ಇದನ್ನು ಓದಿ ಮಗಳನ್ನು ಕಳಿಸುವುದು ಬೇಡವೆನಿಸಿದರೆ ಸಂಕೋಚವಿಲ್ಲದೆ ಬರೆ.

ನಿನ್ನ
ಅನಸೂಯ

ಮತ್ತೆ: ಲಕೋಟೆ ಅಂಟಿಸಲು ಹೋಗಿ ನಿಲ್ಲಿಸಿದೆ. ಒಂದನ್ನು ನಿನಗೂ ಮುಚ್ಚಿಟ್ಟಿದ್ದೆ. ಅವತ್ತು ನಾನು ಹಲಗೆ ಇಟ್ಟುಕೊಂಡು ಕೂತಾಗ ಮುನಿಗಂಗಮ್ಮ ಕುಡಿಯಲು ನೀರು ತಂದುಕೊಟ್ಟು, 'ನಮ್ಮನೇನೂ ಬರ್ತದಾ ಅಮ್ಮಾ ಇದ್ರಲ್ಲಿ?' ಎಂದು ಕೇಳಿದ್ದಳು. ಅವಳು ದೂರ ಹೋದರೆ ಸಾಕೆಂದು, ಬರುತ್ತದೆ ಎಂದೆ. ಅವಳು ಒಳಗೆ ಹೋಗಿ ಮುಖ ತೊಳೆದು, ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಾಗಿಲಲ್ಲಿ ನಿಂತಳು. ಆ ಹೊತ್ತಿಗೆ ನಾನು ಮರ ಬರೆಯುತ್ತಿದ್ದೆ. 'ಅಲ್ಲಾಡಬೇಡ ಕಣೇ, ಕೆಟ್ಟೋಗ್ತದೆ' ಎಂದು ಮಗುವಿಗೆ ಹೇಳುತ್ತ ಹನ್ನೊಂದೂಮುಕ್ಕಾಲರವರೆಗೆ ಹಾಗೇ ನಿಂತಿದ್ದಳು. ನಾನು ಹೊರಟಾಗ, ಚೆನ್ನಾಗಿ ಬಂದೆವಾ ಎಂದು ಕೇಳಿದಳು. ಚೆನ್ನಾಗಿ ಬಂದಿದ್ದೀರಿ ಎಂದು ಹೇಳಿ ಚಿತ್ರ ಮುಚ್ಚಿಕೊಂಡು ಬಸ್ಸು ಹತ್ತಿದೆ. ಬುಧವಾರ ಅಧಿಕಾರಿಯ ಎದುರು ಬಾಯಿ ಬಿಡುವ ಮೊದಲು ಇದನ್ನು ಅವಳೆದುರಿಗೆ ಹೇಳಬೇಕೆಂದುಕೊಂಡಿದ್ದೇನೆ.