ಉಳುಕು ಅಂತ ಹೇಳಿದೆ

18 ನವೆಂಬರ್, ಸೋಮವಾರ. ಬೆಳಗ್ಗೆ 7.40

ಸಾರಿ. ಇದು ವರ್ಕೌಟ್ ಬುಕ್. ಕೆಜಿ, ಸೆಟ್, ರೆಪ್ಸ್ — ಅದು ಬಿಟ್ಟು ಬೇರೇನೂ ಬರೀಬಾರ್ದು ಅಂತ ಜಿಮ್ ಫ್ರೆಂಡ್ ಮಾಲತೇಶನ ರೂಲ್. ನಾನಂತೂ ಬರೀಲೇಬಾರ್ದು. ಏಳನೇ ಕ್ಲಾಸಲ್ಲಿ ನನ್ನ ಡೈರೀನ ಸ್ಕೂಲ್ ಹಾಸ್ಟೆಲ್ ಡೈನಿಂಗ್ ಹಾಲಲ್ಲಿ ಸೀನಿಯರ್ಸ್ ಬೆಂಚ್ ಮೇಲೆ ನಿಂತು ಓದಿದ್ರು. ಅಮ್ಮನ ಬಗ್ಗೆ ಬರೆದಿದ್ದ ಪೇಜ್. ಆವತ್ತೇ ಬಿಟ್ಟೆ. ಆದ್ರೆ ಇಲ್ಲಿ ಪ್ರತಿ ಪೇಜಲ್ಲೂ ಅರ್ಧ ಖಾಲಿ ಉಳಿಯುತ್ತೆ. ಈ ಕಾಲೇಜ್ ಹಾಸ್ಟೆಲ್ ರೂಮಲ್ಲಿ ಮಾತಾಡೋಕೆ ಯಾರೂ ಇಲ್ಲ. ಸೋ.

ಇವತ್ತು: ಬಾರ್ಬೆಲ್ ಶ್ರಗ್, 40 ಕೆಜಿ, 4 ಸೆಟ್, 12 ರೆಪ್ಸ್. ಮೇಲೆ ಎರಡು ಸೆಕೆಂಡ್ ಹೋಲ್ಡ್. ಹೆಗಲು ತಿರುಗಿಸಬಾರ್ದು — ಸೀದಾ ಮೇಲೆ, ಸೀದಾ ಕೆಳಗೆ. ಆಮೇಲೆ ಎರಡೂ ಕೈಲಿ 20-20 ಡಂಬೆಲ್ ಹಿಡ್ಕೊಂಡು ಗೋಡೆಯಿಂದ ಗೋಡೆಗೆ ನಡೆಯೋದು, ಆರು ರೌಂಡ್.

ಮಾಲತೇಶ್ ಹಿಂದೆ ನಿಂತು, "ಹೆಗಲು ಕಿವಿಗೆ ಬಡೀಬೇಕಲೇ. ಯಾರಾದ್ರೂ ಬೈದ್ರೆ ನೀ ಹೆಂಗ್ ಮುದುಡ್ಕೊಂತೀಯ? ಹಂಗೆ."

ಅದು ನಂಗೆ ಬರುತ್ತೆ. ಏಳು ವರ್ಷ ಪ್ರಾಕ್ಟೀಸ್.

ಸ್ಕೂಲ್ ಹಾಸ್ಟೆಲಲ್ಲಿ ಸೀನಿಯರ್ಸ್ ಹಿಂದಿಂದ ಬಂದು ಎರಡೇ ಬೆರಳಲ್ಲಿ ಕತ್ತು ಹಿಡಿದು ಊಟದ ಸಾಲಿಂದ ಎಳೀತಿದ್ರು. ನಂಗೆ ಕೋಳಿ ಅಂತ ಹೆಸರು. ಅದಕ್ಕೇ ಟ್ರಾಪ್ಸ್ ಬೇಕು. ಬೈಸೆಪ್ಸ್ ಬೇಡ, ಸಿಕ್ಸ್ ಪ್ಯಾಕ್ ಬೇಡ. ಕತ್ತಿಂದ ಹೆಗಲಿಗೆ ಇಳಿಯೋ ಆ ದಿಬ್ಬ ಎಷ್ಟು ದಪ್ಪ ಆಗ್ಬೇಕು ಅಂದ್ರೆ, ಹಿಡಿಯೋಕೆ ಕತ್ತೇ ಸಿಗಬಾರ್ದು.

27 ನವೆಂಬರ್, ಬುಧವಾರ

45 ಕೆಜಿ. 4 × 12. ಲಾಸ್ಟ್ ಸೆಟ್ 9ಕ್ಕೆ ಬಿಟ್ಟೆ.

ಮಾಲತೇಶ್ ದಿನಾ ಹರಿಹರದಿಂದ ಫಸ್ಟ್ ಬಸ್ಸಿಗೆ ಬರ್ತಾನೆ. ಜಿಮ್, ಆಮೇಲೆ ಕಾಲೇಜು, ಬಿ.ಕಾಂ ಸೆಕೆಂಡ್ ಇಯರ್. ದಾವಣಗೆರೆಗೆ ಬಂದು ಎರಡು ತಿಂಗಳಲ್ಲಿ ನನ್ನ ಹತ್ರ ತಾನಾಗೇ ಬಂದು ಮಾತಾಡಿದವನು ಇವನೊಬ್ಬನೇ. ಫಸ್ಟ್ ಡೇ ಕೇಳಿದ್ದ — "ಏನ್ ಓದ್ತೀಯ?" ಬಿ.ಫಾರ್ಮ ಫಸ್ಟ್ ಇಯರ್ ಅಂದೆ. "ಹಂಗಾದ್ರೆ ಡಾಕ್ಟ್ರೇ ಬಿಡು!" ಅಲ್ಲ, ಫಾರ್ಮಸಿ ಬೇರೆ, ಅಂದೆ. "ಎರಡೂ ಮಾತ್ರೆನೇ ಅಲ್ಲೇನ್ಲೇ?" ಆವತ್ತಿಂದ ಇಡೀ ಜಿಮ್ಮಿಗೆ ನಾನು ಡಾಕ್ಟ್ರು.

ಕೋಳಿಗಿಂತ ಚೆನ್ನಾಗಿದೆ. ತಿದ್ದಲಿಲ್ಲ.

ಜನವರಿ 12ಕ್ಕೆ ಇಲ್ಲಿ ಬಾಡಿ ಬಿಲ್ಡಿಂಗ್ ಶೋ. ಅವನ ಮೊದಲ ಸ್ಟೇಜ್. ಎಲ್ಲಾ ಇದೆ — ಎಡ ಟ್ರಾಪ್ ಮಾತ್ರ ಬಲಕ್ಕಿಂತ ತಗ್ಗು. ಬೆನ್ನು ತಿರುಗಿಸಿ ನಿಂತ್ರೆ ಕಾಣುತ್ತೆ. ಜಿಮ್ ಹೊರಗಿನ ಮೊಟ್ಟೆ ಗಾಡಿ ಹತ್ರ ನಿಂತಾಗಲೂ ಎಡ ಹೆಗಲು ಮುಟ್ಟಿ ನೋಡ್ಕೋತಾನೇ ಇರ್ತಾನೆ. ನಾನು ಬೇಯಿಸಿದ ಮೊಟ್ಟೆ ಮೂರು ತಿಂದೆ, ಆಚೆ ಈಚೆ ನೋಡ್ಕೊಂಡು. ಮನೇಲಿ ಗೊತ್ತಾದ್ರೆ ಅಪ್ಪ ಲಿಂಗ ಮುಟ್ಟಿಸಿ ಪ್ರಮಾಣ ಮಾಡಿಸ್ತಾರೆ. ಮಾಲತೇಶ್: "ಡಾಕ್ಟ್ರು ಕದ್ದು ತಿಂತಾರೆ, ಎಲ್ರೂ ಆಕಡೆ ತಿರುಗ್ರಿ!"

9 ಡಿಸೆಂಬರ್, ಸೋಮವಾರ

50 ಕೆಜಿ! 4 × 10. ಗ್ರಿಪ್ ಜಾರುತ್ತೆ, ಸ್ಟ್ರ್ಯಾಪ್ ಕಟ್ಟಿದೆ.

ಜಿಮ್ ಸೀನಿಯರ್ ಬಸವಪ್ರಭು ಮಾಲತೇಶನಿಗೆ ಒಂದು ಬಾಟಲ್ ಕೊಟ್ಟ. ಚಿಕ್ಕದು, ಲೇಬಲ್ ಇಲ್ಲ, ಒಳಗೆ ಎಣ್ಣೆ ಥರ. ಎಲ್ಲಿ ಚುಚ್ಚಿದ್ರೆ ಅಲ್ಲೇ ಉಬ್ಬುತ್ತಂತೆ. ಅರ್ಧ ಆಗಲೇ ಖಾಲಿ. ಅಂದ್ರೆ ಅದ್ರಲ್ಲಿ ಬೇರೆ ಯಾರದೋ ಸೂಜಿ ಹೋಗಿ ಬಂದಿದೆ.

ಮಾಲತೇಶ್ ಬಾಟಲ್‌ನ ನನ್ನ ಕೈಗೆ ಇಟ್ಟ. "ಭಾನುವಾರ ಮನಿಗೆ ಬಾ. ನೀನೇ ಹಾಕು."

"ನಂಗೆ ಬರಲ್ಲ ಕಣೋ. ನಮಗಿನ್ನೂ ಅದನ್ನ ಹೇಳ್ಕೊಟ್ಟೇ ಇಲ್ಲ."

"ನಿಂಗ ಬರಲ್ಲ ಅಂದ್ರೆ ಇನ್ಯಾರಿಗ್ಲೇ ಬರತೈತೆ? ಬಸ್ ಕಂಡಕ್ಟರಿಗಾ?"

ಎಲ್ರೂ ನಕ್ರು. ನಾನೂ ನಕ್ಕೆ. ಬಾಟಲ್ ಜೇಬಲ್ಲಿ ಹಾಕ್ಕೊಂಡೆ.

15 ಡಿಸೆಂಬರ್, ಭಾನುವಾರ. ಸಂಜೆ 5, ಬಸ್ಸಲ್ಲಿ

ಹಾಕಿದೆ.

ಅವರ ಮನೆ ಮಹಡಿ ಮೇಲೆ, ಒಣಗೋಕೆ ಹಾಕಿದ ಬಟ್ಟೆ ಹಿಂದೆ. ಎಡ ಹೆಗಲು, ಕತ್ತಿಂದ ನಾಲ್ಕು ಬೆರಳು ದೂರ. ಸಿರಿಂಜ್ ಹೊಸದು. ಬಾಟಲ್ ಹಳೇದು. ಬಿಸಿಲಿಗೆ ಹಿಡಿದು ನೋಡಿದೆ — ತಳದಲ್ಲಿ ಏನೋ ಮೋಡದ ಥರ. ಹೇಳಬೇಕಿತ್ತು. "ಲಗೂ ಹಾಕಲೇ, ಅವ್ವ ಮ್ಯಾಲೆ ಬಂದ್ಬಿಡ್ತಾಳೆ" ಅಂತಿದ್ದ. ಯೂಟ್ಯೂಬಲ್ಲಿ ನೋಡಿದ ಹಾಗೆ ಹಾಕಿದೆ. ಎರಡು ಸಲ ಚುಚ್ಚಬೇಕಾಯ್ತು.

ಮಾತಾಗಿದ್ದು ಹೀಗೆ: ಮೊದಲು ಅವನಿಗೆ, ಆಮೇಲೆ ನನಗೆ.

ನನ್ನ ಸರದಿ ಬಂದಾಗ ಮುಂದಿನ ವಾರ ಅಂದೆ. ಅವನು ಬೈಲಿಲ್ಲ. ಹೆಗಲು ಉಜ್ಜಿಕೊಂಡು ನಕ್ಕ ಅಷ್ಟೇ.

ಕೆಳಗೆ ಅವರಮ್ಮ ರೊಟ್ಟಿ ಬಡೀತಿದ್ರು. ಬಿಸಿ ಬಿಸಿ ನಾಲ್ಕು ತಿಂದೆ, ಶೇಂಗಾ ಚಟ್ನಿ ಹಚ್ಕೊಂಡು. "ಇನ್ನೊಂದ್ ಹಾಕ್ಕೋ ಕಿರಣ, ಹಾಸ್ಟೆಲ್ ಊಟ ಉಂಡು ಕತ್ತು ಕಡ್ಡಿ ಆಗೈತೆ ನೋಡು" ಅಂದ್ರು.

ಬಾಟಲ್ ನನ್ನ ಹತ್ರಾನೇ. ಮುಂದಿನ ವಾರಕ್ಕೆ ಅಂತ.

18 ಡಿಸೆಂಬರ್, ಬುಧವಾರ

ಮಾಲತೇಶ್ ಕನ್ನಡಿ ಮುಂದೆ ಶರ್ಟ್ ಬಿಚ್ಚಿದ. ಎಡಗಡೆ ಉಬ್ಬಿದೆ. ನಿಜವಾಗ್ಲೂ. "ನೋಡ್ಲೇ ಡಾಕ್ಟ್ರೇ! ಮೂರೇ ದಿನಕ್ಕ ಬಂತು!"

ಟೇಪ್ ಹಿಡಿದೆ. ಕತ್ತಿನ ಬುಡದಿಂದ ಹೆಗಲ ಮೂಳೆವರೆಗೆ ಎಡ, ಬಲ. ಎಡ +1 ಇಂಚು. ಇದೇ ಬುಕ್ಕಲ್ಲಿ ಬರೆದು ಎರಡು ಗೆರೆ ಎಳೆದೆ.

ಕೆಂಪಿತ್ತು. ಟೇಪಿನ ಕೆಳಗೆ ಬಿಸಿ ಇತ್ತು. ಪಂಪ್, ವರ್ಕೌಟ್ ಆದ್ಮೇಲೆ ರಕ್ತ ತುಂಬಿ ಉಬ್ಬೋದು, ಅಂದ್ಕೊಂಡೆ. ಅಂದ್ಕೊಂಡೆ ಅಂತ ಬರೀತಿದೀನಿ...

ಅವನು ಕೈ ಪೂರ್ತಿ ಎತ್ತಲಿಲ್ಲ.

20 ಡಿಸೆಂಬರ್, ಶುಕ್ರವಾರ. ಮಧ್ಯಾಹ್ನ 1

ಎರಡು ದಿನದಿಂದ ಜಿಮ್ಮಿಗೆ ಬಂದಿಲ್ಲ. ಲ್ಯಾಬಲ್ಲಿದ್ದಾಗ ಚೈತ್ರಾಕ್ಕ ಫೋನ್ ಮಾಡಿದ್ಲು — ಅವನ ಅಕ್ಕ, ಕಾನ್ವೆಂಟಲ್ಲಿ ಟೀಚರ್.

"ಕಿರಣ, ಇವನಿಗೆ ಜ್ವರ ಬಂದೈತೆ, ಹೆಗಲು ಮುಟ್ಟಿಸ್ಕೊಳ್ತಿಲ್ಲ. ಕೇಳಿದ್ರೆ ಏನೂ ಇಲ್ಲ ಅಂತಾನೆ. ಜಿಮ್ಮಲ್ಲಿ ಏನಾತಪ್ಪ?"

ಉಳುಕು ಅಕ್ಕ, ಅಂದೆ. ಶ್ರಗ್ಸ್ ಮಾಡೋವಾಗ.

ಎಷ್ಟು ಬೇಗ ಬಂತು ಬಾಯಿಗೆ! ಯೋಚನೆ ಮಾಡಿದ ಸುಳ್ಳೂ ಅಲ್ಲ.

"ಹಂಗಾ. ನೀ ಹೇಳಿದ್ಮ್ಯಾಲೆ ಧೈರ್ಯ ಬಂತು ನೋಡು. ಅವ್ವ ಎಣ್ಣೆ ಕಾಸಿ ತಿಕ್ಕತಾಳೆ ತಗೋ."

ತಿಕ್ಕಬೇಡಿ ಅನ್ನಬೇಕಿತ್ತು. ಅಂದಿದ್ರೆ ಯಾಕೆ ಅಂತ ಕೇಳ್ತಿದ್ಲು. ಸರಿ ಅಕ್ಕ ಅಂದೆ.

ಶ್ರಗ್ಸ್: ಮಾಡಿಲ್ಲ.

21 ಡಿಸೆಂಬರ್, ಶನಿವಾರ. ಮಧ್ಯಾಹ್ನ 3, ಹರಿಹರ

ನನ್ನ ಉಳುಕು ಎಲ್ಲಿವರೆಗೆ ಹೋಯ್ತು ಅಂದ್ರೆ — ಉಳುಕು ತೆಗೆಯೋರ ಮನೆವರೆಗೆ. ಚೈತ್ರಾಕ್ಕ ಬಾ ಅಂದ್ಲು, ನಾನೂ ಬಂದೆ.

ಕುತುಬುದ್ದೀನ್ ಉಸ್ತಾದ್. ಹಳೇ ಪೈಲ್ವಾನ್, ಎಪ್ಪತ್ತು ದಾಟಿದೆ. ಹರಿಹರದಲ್ಲಿ ಯಾರ ಕೈ ಕಾಲು ಉಳುಕಿದ್ರೂ ಅಲ್ಲಿಗೇ. ದುಡ್ಡು ಮುಟ್ಟಲ್ಲ. ಕತ್ತು ಅನ್ನೋದೇ ಇಲ್ಲ ಅವರಿಗೆ, ಕಿವಿಯಿಂದ ಸೀದಾ ಹೆಗಲು. ನನಗೆ ಬೇಕಿದ್ದ ಟ್ರಾಪ್ಸ್. ಅಂಥ ಹೊತ್ತಲ್ಲೂ ಅದನ್ನೇ ನೋಡಿದೆ.

ಮಾಲತೇಶನ್ನ ಆಟೋದಿಂದ ಇಬ್ಬರು ಹಿಡಿದು ಇಳಿಸಬೇಕಾಯ್ತು. ತುಟಿ ಒಣಗಿತ್ತು. ನನ್ನ ನೋಡಿ ತಲೆ ಅಲ್ಲಾಡಿಸಿದ, ಸಣ್ಣಗೆ. ಹೇಳಬೇಡ ಅಂತ. ಶೋಗೆ ಇನ್ನು ಇಪ್ಪತ್ತೆರಡು ದಿನ.

ಉಸ್ತಾದ್ ಅಂಗೈಗೆ ಎಣ್ಣೆ ಹಚ್ಕೊಂಡು ಹೆಗಲು ಮುಟ್ಟಿದ್ರು. ತಕ್ಷಣ ಕೈ ತೆಗೆದ್ರು. ಎಣ್ಣೇನ ಲುಂಗಿಗೆ ಒರೆಸ್ಕೊಂಡ್ರು.

"ಇದನ್ನ ಯಾರು ತಿಕ್ಕಿದ್ದು?"

"ನಾನೇ ರೀ, ನಿನ್ನೆಯಿಂದ ಮೂರ್ ಸಲ" ಅಂದ್ರು ಅವರಮ್ಮ.

"ಉಳುಕು ಅಂತ ಯಾರು ಹೇಳಿದ್ದು?"

ಚೈತ್ರಾಕ್ಕ ನನ್ನ ಕಡೆ ತೋರಿಸಿದ್ಲು. "ಇವನು ಫಾರ್ಮಸಿ ಓದ್ತಾನ್ರಿ."

"ಐವತ್ತು ವರ್ಷ ಗರಡಿ ಮಣ್ಣಾಗ ಹೊರಳಾಡೀನಿ. ಉಳುಕು ಹಿಂಗೆ ಸುಡಲ್ಲ ತಾಯಿ. ಒಳಗ ಕೀವು ಐತೆ. ನಾನು ಕೈ ಹಚ್ಚಲ್ಲ. ದವಾಖಾನಿಗೆ ನಡೀರಿ — ಮನಿಗೂ ಹೋಗ್ಬ್ಯಾಡ್ರಿ."

ಹೊರಡೋವಾಗ ಬಾಗಿಲಲ್ಲಿ ಹಿಂದಿಂದ ನನ್ನ ಕತ್ತಿನ ಮೇಲೆ ಕೈ ಇಟ್ರು. ಮುದುಡಿಬಿಟ್ಟೆ, ಕಿವಿವರೆಗೂ. ಅವರು ಎಳೀಲಿಲ್ಲ. ಸುಮ್ನೆ ಇಟ್ಕೊಂಡು ಮೆಲ್ಲಗೆ ಕೇಳಿದ್ರು — "ಬೇಟಾ, ಏನ್ ಮಾಡಿದ್ರಿ ನೀವು?"

ಏನಿಲ್ಲ ಅಂಕಲ್.

22 ಡಿಸೆಂಬರ್, ಭಾನುವಾರ. ಬೆಳಗ್ಗೆ 11

ದಾವಣಗೆರೆಗೆ ತಂದಿದ್ದಾರೆ. ನಿನ್ನೆ ಸಂಜೆಯೇ ಹೆಗಲು ಕೊಯ್ದು ಕೀವು ತೆಗೆದ್ರು. ಬೆನ್ನಿನ ಕಡೆ ಹರಡಿದೆಯಂತೆ. ತಿಕ್ಕಿದ್ರಿಂದ, ಅಂತ ಡಾಕ್ಟರ್ ಅಂದಾಗ ಅವರಮ್ಮ ತಮ್ಮ ಕೈ ನೋಡ್ಕೊಂಡ್ರು. ಆ ಕೈ... ರೊಟ್ಟಿ ಕೈ.

ಡಾಕ್ಟರ್ ಕೇಳಿದ್ರು: "ಏನಾದ್ರೂ ಇಂಜೆಕ್ಷನ್ ತಗೊಂಡಿದ್ನಾ? ಜಿಮ್ ಹುಡುಗ್ರು ತಗೋತಾರೆ. ನಿಜ ಹೇಳಿ, ಯಾರೂ ಬೈಯಲ್ಲ."

"ಅಯ್ಯೋ ಇಲ್ರಿ ಸಾಹೇಬ್ರ, ನನ್ನ ಮಗ ಚಾ ಸೈತ ಕುಡಿಯಲ್ಲ."

ಡಾಕ್ಟರ್ ನನ್ನ ಕಡೆ ತಿರುಗಿದ್ರು. ಚೈತ್ರಾಕ್ಕಾನೂ. "ನೀನು ಜೊತೆಗಿರ್ತೀಯಲ್ಲ?"

ಇಲ್ಲ ಸರ್.

ಎರಡು ಸೆಕೆಂಡ್ ಹೋಲ್ಡ್ — ನನ್ನ ಮುಖಾನೇ ನೋಡಿದ್ರು. ಆಮೇಲೆ ಫೈಲಲ್ಲಿ ಬರ್ಕೊಂಡ್ರು. ಇಲ್ಲ ಅಂತಾನೇ ಇರಬೇಕು.

ಕ್ಯಾಂಟೀನಲ್ಲಿ ಚೈತ್ರಾಕ್ಕ ನನಗೆ ಇಡ್ಲಿ ಕೊಡಿಸಿದ್ಲು. "ಬೆಳಗ್ಗಿಂದ ಏನೂ ತಿಂದಿಲ್ಲ ನೀನು." ತಿಂದೆ. ಇವರ ಮನೆಯವರ ಕೈಯಿಂದ ಇನ್ನೂ ತಿಂತಾನೇ ಇದೀನಿ.

24 ಡಿಸೆಂಬರ್, ಮಂಗಳವಾರ. ಬೆಳಗ್ಗೆ 6.15

ಐಸಿಯು. ನಿನ್ನೆ ಮಧ್ಯಾಹ್ನದಿಂದ. ಬಿಪಿ ನಿಲ್ತಿಲ್ಲ. ಕೊಟ್ಟ ಆ್ಯಂಟಿಬಯೋಟಿಕ್ ಕೆಲಸ ಮಾಡ್ತಿಲ್ಲ. ಯಾವ ಬ್ಯಾಕ್ಟೀರಿಯಾ ಅಂತ ಹೇಳೋ ಕೀವಿನ ಕಲ್ಚರ್ ರಿಪೋರ್ಟ್ ಇನ್ನೂ ಬಂದಿಲ್ಲ. ಚೈತ್ರಾಕ್ಕನ ವಾಯ್ಸ್ ಮೆಸೇಜ್: "ಎಲ್ಲಿಂದ ಶುರುವಾತು ಗೊತ್ತಾದ್ರೆ ಔಷಧಿ ಬದಲಾಯಿಸಬಹುದು ಅಂತಾರೆ ಕಿರಣ. ನಿಂಗೇನಾದ್ರೂ ನೆನಪಾದ್ರೆ ಹೇಳು. ಸಣ್ಣದಾದ್ರೂ ಪರವಾಗಿಲ್ಲ." ನಾಲ್ಕು ಸಲ ಕೇಳಿದೆ. ಅವಳಿಗೆ ಗೊತ್ತಿದೆಯಾ?

ಬಾಟಲ್ ಟ್ರಂಕಲ್ಲಿದೆ, ಸಾಕ್ಸ್ ಒಳಗೆ. ಶನಿವಾರ ವಾಪಸ್ ಬರೋವಾಗ ತುಂಗಭದ್ರಾ ಸೇತುವೆಗೆ ಹೋಗಿ ಬಿಸಾಕೋಣ ಅಂತ ಬ್ಯಾಗಲ್ಲಿ ಇಟ್ಕೊಂಡೇ ಹೋಗಿದ್ದೆ. ಆಗ್ಲಿಲ್ಲ. ಒಳ್ಳೇತನ ಅಲ್ಲ. ಯಾರಾದ್ರೂ ನೋಡ್ತಾರೆ ಅನ್ನೋ ಭಯ. ಅಷ್ಟೇ.

ಹೇಳಿದ್ರೆ: ಪೊಲೀಸ್, ಕಾಲೇಜು, ಅಪ್ಪ. ಚೈತ್ರಾಕ್ಕನ ಮುಖ. ಅವರಮ್ಮ — ತಿಕ್ಕಿದ್ದಕ್ಕೆ ತಾವೇ ಕಾರಣ ಅಂದ್ಕೊಂಡಿದ್ದಾರೆ, ನಿನ್ನೆಯಿಂದ ಕೈಲಿ ಏನೂ ಮುಟ್ತಿಲ್ವಂತೆ.

ಹೇಳದಿದ್ರೆ ಅವನು.

ಬುಕ್ ತಿರುವಿ ನೋಡಿದೆ. ಎಲ್ಲಾ ಇದೆ ಇದ್ರಲ್ಲಿ — ತಾರೀಕು, ಎಡ, ನಾಲ್ಕು ಬೆರಳು, ಮೋಡದ ಥರ. +1 ಇಂಚು, ಎರಡು ಗೆರೆ. ಕೀವನ್ನ ಅಳೆದಿದೀನಿ ನಾನು.

6.40

ಸ್ಕೂಲಲ್ಲಿ ಇಂಗ್ಲಿಷ್ ಸರ್ ಏನೇ ಬರೆಯೋದಿದ್ರೂ ಮೊದಲು ರಫ್, ಆಮೇಲೆ ಫೇರ್ ಅಂತಿದ್ರು. ಫೋನಲ್ಲಿ ಟೈಪ್ ಮಾಡೋಕೆ ಹೋದ್ರೆ ಬೆರಳು ಡಿಲೀಟ್ ಮೇಲೇ ಹೋಗ್ತಿದೆ. ಇಲ್ಲಿ ಪೆನ್ನಲ್ಲಿ ಬರೆದದ್ದು ಹೋಗಲ್ಲ. ರಫ್:

ಚೈತ್ರಾಕ್ಕ, ತೊಂದರೆ ಕೊಡ್ತಿರೋದಕ್ಕೆ ಸಾರಿ, ಒಂದು ವಿಷಯ — ಬೇಡ.

ಚೈತ್ರಾಕ್ಕ, ಮಾಲತೇಶ್ ಹೇಳಬೇಡ ಅಂದಿದ್ದ, ಅದಕ್ಕೇ — ಬೇಡ. ಅವನ ಮೇಲೆ ಹಾಕಬಾರ್ದು.

ಚೈತ್ರಾಕ್ಕ, ಅದು ಉಳುಕಲ್ಲ. 15ನೇ ತಾರೀಕು ನಿಮ್ಮ ಮಹಡಿ ಮೇಲೆ ಎಡ ಹೆಗಲಿಗೆ ಇಂಜೆಕ್ಷನ್ ಹಾಕಿದ್ದು ನಾನು. ಬಾಟಲ್ ಕ್ಲೀನ್ ಇರಲಿಲ್ಲ. ಗೊತ್ತಿದ್ದೂ ಹಾಕಿದೆ. ಅಮ್ಮ ತಿಕ್ಕಿದ್ದು ನಾನು ಸುಳ್ಳು ಹೇಳಿದ್ದಕ್ಕೆ, ಅವರಿಗೆ ಹೇಳಿ. ಬರೆದಿಟ್ಟ ಪೇಜುಗಳ ಫೋಟೋ ಕಳಿಸ್ತಿದೀನಿ, ಈಗ್ಲೇ ಡಾಕ್ಟರಿಗೆ ತೋರಿಸಿ. ಬಾಟಲ್ ನನ್ನ ಹತ್ರಾನೇ ಇದೆ, ಟೆಸ್ಟಿಗೆ ಬೇಕಾಗುತ್ತೆ. ತಗೊಂಡು ಹೊರಟಿದೀನಿ. ಯಾವ ಗೇಟಿಗೆ ಬರಲಿ? ಬೇಗ ರಿಪ್ಲೈ ಮಾಡಿ