ನಾಲ್ಕು ಗಂಟೆಯ ಬಾಣ

ಶನಿವಾರ, ಮಧ್ಯಾಹ್ನ

ಗುಬ್ಬಿಯ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯಲು ಹೋಗಿ ಕೈ ತಡೆಯಿತು. ಏಳು ತಿಂಗಳಿಂದ ಬೇರೆ ಬೇರೆ ಮನೆಯಲ್ಲಿರುವವರಿಗೆ ಆ ಪದ ಸಲ್ಲುತ್ತದೋ ಇಲ್ಲವೋ. ಕ್ಷೇಮವೇ ಎಂದೂ ಕೇಳುವುದಿಲ್ಲ. ಕ್ಷೇಮವಾಗಿದ್ದೀರಿ ಎಂದು ಗೊತ್ತು, ಗುರುವಾರ ನಿಮ್ಮನ್ನು ನೋಡಿದೆ. ಎಲ್ಲಿ, ಹೇಗೆ ಎಂದು ಹೇಳುವುದಕ್ಕೇ ಈ ಪತ್ರ. ನಿಂತುಕೊಂಡು ಓದಬೇಡಿ, ಕೂತು ಓದಿ.

ನಮ್ಮ ಆಸ್ಪತ್ರೆಗೆ ಹೊಸ ಸಾಫ್ಟ್‌ವೇರ್ ಬರಲಿದೆ. ಅದನ್ನು ಮಾಡುವವರು ಬರುವ ಮುಂಚೆ ನಮಗೆ ಬೇಕಾದದ್ದನ್ನು ನಾವೇ ಬರೆದಿಡಬೇಕಂತೆ. “ಏನು ಬೇಕು ಅಂತ ನಮಗೇ ಗೊತ್ತಿಲ್ಲದಿದ್ರೆ ಅವರು ತೋಚಿದ್ದನ್ನ ಕಟ್ಟಿಕೊಟ್ಟು ಹೋಗ್ತಾರೆ” ಎಂದು ಸೂಪರಿಂಟೆಂಡೆಂಟರು ನನ್ನನ್ನು ನೋಂದಣಿ ಕೌಂಟರಿನಿಂದ ಎಬ್ಬಿಸಿ ಶನಿವಾರದ ತರಗತಿಗೆ ಅಟ್ಟಿದರು. ಬೇಕು ಬೇಡಗಳನ್ನು ಸರಿಯಾಗಿ ಕೇಳಿ ಬರೆದುಕೊಳ್ಳುವುದೂ ಒಂದು ವಿದ್ಯೆ ಎಂದು ಗೊತ್ತಾದದ್ದು ಅಲ್ಲಿಯೇ. ಆರು ವರ್ಷ ಸಂಸಾರ ಮಾಡಿದ ನಮ್ಮಿಬ್ಬರಿಗೂ ಅದು ಬರುತ್ತಿರಲಿಲ್ಲ.

ಮೇಷ್ಟ್ರು ಹೇಳುವುದು ಇಷ್ಟೇ. ಬಾಗಿಲಾಗಲಿ, ಮಗುವಾಗಲಿ, ಪ್ರತಿಯೊಂದನ್ನೂ ಒಂದು ವಸ್ತು ಎಂದುಕೊಂಡು ಒಂದು ಚೌಕ ಬರೆಯಬೇಕು. ಮೇಲೆ ಅದರ ಹೆಸರು, ನಡುವೆ ಅದಕ್ಕೇನು ಗೊತ್ತು, ಕೆಳಗೆ ಅದೇನು ಮಾಡುತ್ತದೆ. ನಾನು ಮೊದಲು ಬರೆದದ್ದು ನಿಮ್ಮ ಚೌಕ. ಹೆಸರು, ಲಿಫ್ಟ್ ಮೆಕ್ಯಾನಿಕ್. ಗೊತ್ತಿರುವುದು, ಎಲ್ಲವೂ. ಮಾಡುವುದು, ಹೇಳದೆ ಇರುವುದು. ಪಕ್ಕದಲ್ಲಿ ಕೂತಿದ್ದ ಔಷಧಿ ಅಂಗಡಿಯವಳು ಇಣುಕಿ ನೋಡಿ ಕಿಸಕ್ಕನೆ ನಕ್ಕಳು.

ಏಳು ತಿಂಗಳ ಹಿಂದಿನ ಆ ದಿನ ಐದು ಗಂಟೆಗೆ ಗುಬ್ಬಿಯನ್ನು ನಮ್ಮ ಆಸ್ಪತ್ರೆಯ ಶಿಶುವಿಹಾರದಿಂದ ಕರೆತರಬೇಕಿದ್ದವರು ನೀವು. ಎಲ್ಲೋ ಲಿಫ್ಟು ಸಿಕ್ಕಿಕೊಂಡು ಒಳಗೆ ಮೂರು ಜನ ಒದ್ದಾಡುತ್ತಿದ್ದರು, ಬಿಟ್ಟು ಬರಲಾಗಲಿಲ್ಲ. ಸರಿ. ನಾಲ್ಕು ವರ್ಷದ ಮಗು ಏಳರವರೆಗೆ ಬೆಂಚಿನ ಮೇಲೆ ಕಾದಿತ್ತು. ಮನೆಗೆ ಬಂದ ನೀವು, ಐದಕ್ಕೇ ಕರಕೊಂಡೆ, ಪಾರ್ಕಿನಲ್ಲಿ ಆಡಿಸುತ್ತಿದ್ದೆ ಎಂದಿರಿ. ನಾನು ಮಗುವನ್ನು ಕರೆದುಕೊಂಡು ಹೊರಟದ್ದು ಆ ಎರಡು ಗಂಟೆಗಾಗಿ ಅಲ್ಲ ರೀ, ಆ ಪಾರ್ಕಿಗಾಗಿ.

ಆಮೇಲೆ, ಮಗುವನ್ನು ತಾಯಿಯ ಕೈಗೆ ಮಾತ್ರ ಒಪ್ಪಿಸುವುದು ಶಿಶುವಿಹಾರದ ನಿಯಮ ಎಂದು ಫೋನಿನಲ್ಲಿ ನಿಮಗೆ ತಿಳಿಸಿದೆ. ನೀವು ಹೂಂ ಎಂದಿರಿ. ಅಷ್ಟು ಸಲೀಸಾಗಿ ಹೂಂ ಎಂದದ್ದೇ ನನಗೆ ಅನುಮಾನ ತಂದಿತು.

ತರಗತಿಯ ಅಭ್ಯಾಸಕ್ಕೆ ಒಬ್ಬೊಬ್ಬರೂ ಒಂದೊಂದು ವಿಭಾಗ ಆರಿಸಿಕೊಳ್ಳಬೇಕಿತ್ತು. ನಾನು ಶಿಶುವಿಹಾರವನ್ನೇ ಹಟ ಹಿಡಿದು ತೆಗೆದುಕೊಂಡೆ. ಕಾರಣ ಗುಬ್ಬಿಯ ಬೂಟಿನ ಲೇಸು. ಬೆಳಿಗ್ಗೆ ನಾನು ಕಟ್ಟುವುದು ಚಿಟ್ಟೆಯಂತೆ ರೆಕ್ಕೆ ಬಿಟ್ಟ ಗಂಟು. ಮೂರು ವಾರದಿಂದ ಸಂಜೆ ನಾನು ಬಿಚ್ಚುತ್ತಿದ್ದದ್ದು ಬೇರೆ ಗಂಟು. ಎರಡು ಸುತ್ತು ಬಿಗಿದು, ತುದಿಗಳನ್ನು ಪಕ್ಕಕ್ಕೆ ಒಳಗೆ ತುರುಕಿದ್ದು. ಯಂತ್ರದ ಬಳಿ ಕೆಲಸ ಮಾಡುವವರು ಲೇಸಿನ ತುದಿ ನೇತಾಡಲು ಬಿಡುವುದಿಲ್ಲ ಎಂದು ನನಗೆ ಹೇಳಿಕೊಟ್ಟವರು ಯಾರು? ಯಾರು ಕಟ್ಟಿದ್ದು ಎಂದರೆ ಗುಬ್ಬಿ, ಅಕ್ಕ ಎನ್ನುತ್ತಾ ಸೂರು ನೋಡುತ್ತಿದ್ದಳು. ಮಕ್ಕಳನ್ನು ನೋಡಿಕೊಳ್ಳುವ ಆ ಅಕ್ಕ ಜನ್ಮದಲ್ಲಿ ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಹಾಕಿದವಳಲ್ಲ. ಮಗುವಿಗೆ ಸುಳ್ಳು ಹೇಳಲು ಬರುವುದಿಲ್ಲ, ಅದೊಂದು ಪುಣ್ಯ. ಆ ವಿಷಯದಲ್ಲಿ ಅವಳು ನಮ್ಮಿಬ್ಬರನ್ನೂ ಹೋಲುವುದಿಲ್ಲ.

ಹಾಗಾಗಿ ಪೆನ್ನು, ಹಾಳೆ ಹಿಡಿದು ಅಕ್ಕನ ಮುಂದೆ ಕೂತೆ. ಶಿಶುವಿಹಾರಕ್ಕೆ ದೊಡ್ಡ ಚೌಕ ಬರೆದು, ಅದರ ಬಾಗಿಲಿಗೆ ಬರುವವರನ್ನೆಲ್ಲ ಹೊರಗಡೆ ಕಡ್ಡಿ ಮನುಷ್ಯರಾಗಿ ನಿಲ್ಲಿಸಬೇಕು. ಮಗುವನ್ನು ಕರೆದುಕೊಂಡು ಹೋಗುವವರು ಯಾರು ಎಂದು ಕೇಳಿದೆ. ತಾಯಿ ಎಂದಳು. ಒಂದು ಕಡ್ಡಿ ಬರೆದೆ. ಹಾಲಿನವನು, ತಿಂಗಳಿಗೊಮ್ಮೆ ಬರುವ ಡಾಕ್ಟರು, ಇನ್ನೆರಡು ಕಡ್ಡಿ. ಮತ್ತೆ ಯಾರಾದರೂ? ಅಕ್ಕ ಎದ್ದು ಹೋಗಿ ಮುಚ್ಚಿದ್ದ ಕಿಟಕಿಯನ್ನೇ ಮತ್ತೊಮ್ಮೆ ಮುಚ್ಚಿ ಬಂದಳು.

ಇನ್ನೊಂದು ಬಗೆಯ ಚಿತ್ರವಿದೆ. ಒಬ್ಬೊಬ್ಬರಿಗೂ ಮೇಲಿನಿಂದ ಕೆಳಕ್ಕೆ ಒಂದೊಂದು ಗೆರೆ ಎಳೆದು, ಯಾರು ಯಾರಿಗೆ ಯಾವ ಹೊತ್ತಿಗೆ ಏನು ಮಾಡಿದರು ಎಂದು ಗೆರೆಯಿಂದ ಗೆರೆಗೆ ಬಾಣ ಹಾಕುತ್ತಾ ಹೋಗುವುದು. ಎರಡೂವರೆಗೆ ಮಕ್ಕಳು ಏಳುತ್ತಾರೆ, ಮೂರಕ್ಕೆ ಹಾಲು, ನಾಲ್ಕಕ್ಕೆ ಗುಬ್ಬಿಗೆ ಬೂಟು, ಐದಕ್ಕೆ ನಾನು. ಅಕ್ಕ ಹೇಳುತ್ತಾ ಹೋದಳು, ನಾನು ಬಾಣ ಹಾಕುತ್ತಾ ಹೋದೆ. ಮಕ್ಕಳೆಲ್ಲ ಬರಿಗಾಲಲ್ಲಿ ಚಾಪೆಯ ಮೇಲೆ ಆಡುವ ಹೊತ್ತಿನಲ್ಲಿ, ಐದಕ್ಕೆ ಹೊರಡುವ ಮಗುವಿಗೆ ನಾಲ್ಕಕ್ಕೇ ಬೂಟು ಯಾಕೆ? ಬಾಣದ ಮೊನೆ ಗುಬ್ಬಿಯ ಗೆರೆ ಮುಟ್ಟುತ್ತಿತ್ತು, ಬಾಲ ಯಾವ ಗೆರೆಗೂ ಅಂಟುತ್ತಿರಲಿಲ್ಲ. ಎಲ್ಲಿಂದ ಹೊರಟಿತು ಎಂದು ಗೊತ್ತಿಲ್ಲದ ಬಾಣ ಇದ್ದರೆ, ನೀವು ಕೇಳದೇ ಬಿಟ್ಟ ಯಾರೋ ಒಬ್ಬರು ಅಲ್ಲಿದ್ದಾರೆ ಎಂದು ಮೇಷ್ಟ್ರು ಹೇಳುತ್ತಾರೆ.

ನಮ್ಮ ಆಸ್ಪತ್ರೆಯ ಲಿಫ್ಟಿನ ದೂರು ಪುಸ್ತಕ ತರಿಸಿ ನೋಡಿದೆ. ಮೂರು ವಾರದಲ್ಲಿ ಒಂದೂ ದೂರಿಲ್ಲ. ಆದರೂ ಲಿಫ್ಟ್ ಮೆಕ್ಯಾನಿಕ್ ದಿನಾ ನಾಲ್ಕಕ್ಕೆ ಸಹಿ ಹಾಕಿ ಒಳಗೆ ಬಂದಿದ್ದಾರೆ! ಯಾರ ಕಿವಿಗೆ ಹೂವಿಡುತ್ತಿದ್ದೀರಿ?

ಗುರುವಾರ ಅರ್ಧ ಗಂಟೆ ಬಿಡುವು ಕೇಳಿ ಎರಡನೇ ಮಹಡಿಯ ಮೆಟ್ಟಿಲ ಕಿಟಕಿಯಲ್ಲಿ ನಿಂತೆ. ಅಲ್ಲಿಂದ ಶಿಶುವಿಹಾರದ ಹಿಂದಿನ ಸಣ್ಣ ಗೇಟು ಕಾಣುತ್ತದೆ. ಬೂದು ಬಣ್ಣದ ಯೂನಿಫಾರಂ, ಹೆಗಲಲ್ಲಿ ಚೀಲ, ನೀವೇ. ಗುಬ್ಬಿಯನ್ನು ಎತ್ತಿಕೊಂಡು ಹೊರಟೇಬಿಡುತ್ತೀರಿ ಎಂದು ಫೋನು ಕೈಗೆತ್ತಿಕೊಂಡೆ. ಕಾವಲುಗಾರನ ನಂಬರು ಒತ್ತಲು ಬೆರಳು ಸಿದ್ಧವಾಗಿತ್ತು. ಗೇಟಿಗೆ ಚಿಲಕವೂ ಹಾಕಿರಲಿಲ್ಲ. ನೀವು ಹೊರಗೇ ಕುಕ್ಕರುಗಾಲಲ್ಲಿ ಕೂತಿರಿ. ಅವಳು ಸರಳಿನ ಸಂದಿಯಿಂದ ಒಂದು ಕಾಲು ಚಾಚಿದಳು, ಆಮೇಲೆ ಇನ್ನೊಂದು. ನೀವು ಲೇಸು ಕಟ್ಟಿದಿರಿ. ಅವಳು ಒಂದೇ ಸಮನೆ ಏನೋ ಹೇಳುತ್ತಿದ್ದಳು, ನೀವು ಕೇಳುತ್ತಿದ್ದಿರಿ. ಹನ್ನೆರಡು ನಿಮಿಷ. ಏಳುವಾಗ ನೀವೇ ಕೈ ಒಳಗೆ ಹಾಕಿ ಚಿಲಕ ಸರಿಸಿ, ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿ ಹೋದಿರಿ. ನಾನು ಫೋನು ಮಾಡಲಿಲ್ಲ.

ಅಕ್ಕನನ್ನು ಮಾತ್ರ ಬಿಡಲಿಲ್ಲ, ಯಾಕೆ ಮುಚ್ಚಿಟ್ಟೆ ಎಂದು ಜೋರು ಮಾಡಿದೆ. ಅವಳು ಹೆದರಲೇ ಇಲ್ಲ. “ಗುಬ್ಬಿ ಅಮ್ಮಾ, ಮಗೂನ ಕರ್ಕೊಂಡು ಹೋಗೋರು ಯಾರು ಅಂತ ಕೇಳಿದ್ರಿ, ಹೇಳ್ದೆ. ನೋಡೋಕೆ ಬರೋರು ಯಾರು ಅಂತ ನೀವು ಕೇಳ್ಲೇ ಇಲ್ವಲ್ಲ” ಎಂದಳು. ಎಂಟು ವಾರದ ಪಾಠವನ್ನು ಒಂದೇ ಮಾತಿನಲ್ಲಿ ಮುಗಿಸಿದಳು. ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು.

ಇವತ್ತಿನ ತರಗತಿಯಲ್ಲಿ ಮನೆಯ ಚಿತ್ರ ಬರೆಯಲು ಹೇಳಿದರು. ಪೂರ್ತಿ ವಸ್ತುವಿಗೂ ಅದರ ಭಾಗಕ್ಕೂ ನಡುವೆ ಗೆರೆ ಎಳೆದು, ತುದಿಯಲ್ಲಿ ಪುಟ್ಟ ವಜ್ರದ ಆಕಾರ ಹಾಕಬೇಕು. ಪೂರ್ತಿ ಹೋದರೆ ಭಾಗವೂ ಹೋಗುವಂತಿದ್ದರೆ ವಜ್ರಕ್ಕೆ ಕಪ್ಪು ತುಂಬಬೇಕು. ಭಾಗ ಉಳಿಯುವಂತಿದ್ದರೆ ಖಾಲಿ ಬಿಡಬೇಕು. ನಾನು ಮನೆಗೂ ಗುಬ್ಬಿಗೂ ನಡುವೆ ಕಪ್ಪಗೆ ತುಂಬಿದ್ದೆ. “ಮನೆ ಒಡೆದ್ರೆ ಮಗೂನೂ ಇರಲ್ಲ ಅಂತೀರಾ?” ಎಂದು ಮೇಷ್ಟ್ರು ಸುಮ್ಮನೆ ಕೇಳಿದರು. ಎಲ್ಲರೂ ನಕ್ಕರು. ನಾನು ಉಜ್ಜಿ ಉಜ್ಜಿ ಅಳಿಸಲು ಹೋಗಿ ಹಾಳೆಯೇ ಹರಿಯಿತು. ಅಲ್ಲಿಂದ ಬಂದವಳೇ ಈ ಪತ್ರಕ್ಕೆ ಕೂತಿದ್ದೇನೆ.

ನೀವು ಕದ್ದು ಬಂದದ್ದು ತಪ್ಪು. ಮಗುವಿನ ಬಾಯಿಗೆ ‘ಅಕ್ಕ’ ಎಂಬ ಸುಳ್ಳು ಹಾಕಿದ್ದು ಇನ್ನೂ ದೊಡ್ಡ ತಪ್ಪು. ಅದನ್ನು ನಾನು ಮರೆಯುವುದಿಲ್ಲ. ಆದರೆ ಆ ಚಿಲಕ ಎಳೆದು ನೋಡಿದ ಕೈಯನ್ನೂ ಮರೆಯಲು ಆಗುತ್ತಿಲ್ಲ. ಸೋಮವಾರ ಶಿಶುವಿಹಾರದ ಪಟ್ಟಿ ಒಪ್ಪಿಸಬೇಕು. ಪ್ರತಿ ಬೇಡಿಕೆಯ ಮುಂದೆಯೂ ಅದು ಯಾರ ಬಾಯಿಂದ ಬಂತು ಎಂದು ಬರೆಯಲು ಒಂದು ಕಾಲಂ ಇದೆ. ಒಂದು ಸಾಲು ಬಿಟ್ಟು ಉಳಿದದ್ದೆಲ್ಲ ತುಂಬಿಯಾಗಿದೆ.

ಇತಿ,
ಗುಬ್ಬಿಯ ಅಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಮರೆತಿದ್ದೆ ಎಂದರೆ ಅದೂ ನಿಮ್ಮ ಪಾರ್ಕಿನಂಥದೇ ಸುಳ್ಳಾಗುತ್ತದೆ. ಉಳಿದ ಸಾಲು, ‘ಮಗುವನ್ನು ತಾಯಿಯ ಕೈಗೆ ಮಾತ್ರ ಒಪ್ಪಿಸಬೇಕು’ ಎಂಬುದು. ಇದನ್ನು ಹೇಳಿದವರು ಯಾರು ಎಂದು ಕೇಳಿದಾಗ ಅಕ್ಕ ಮೇಜಿನ ಡ್ರಾಯರಿನಿಂದ ಒಂದು ಚೀಟಿ ತೆಗೆದು ನನ್ನ ಮುಂದಿಟ್ಟಳು. ನನ್ನದೇ ಅಕ್ಷರ, ನನ್ನದೇ ಸಹಿ. ಶಿಶುವಿಹಾರಕ್ಕೆ ಅಂಥ ನಿಯಮ ಯಾವತ್ತೂ ಇರಲಿಲ್ಲ ರೀ. ಆ ಸಾಲು ಹೊಡೆದುಹಾಕಿದ್ದೇನೆ, ತಾಯಿಯ ಪಕ್ಕದಲ್ಲಿ ಇನ್ನೊಂದು ಕಡ್ಡಿ ಮನುಷ್ಯನನ್ನು ಬರೆದಿದ್ದೇನೆ. ಸೋಮವಾರ ಐದಕ್ಕೆ ಮುಂದಿನ ಬಾಗಿಲಿಂದ ಬನ್ನಿ. ತಡವಾದರೆ, ತಡವಾಯಿತು ಎಂದೇ ಹೇಳಿ.